ಬುಟ್ಟಿಯಲ್ಲಿ ಮೇಲೇರಿದ ತೆರಿಗೆ

ನಮ್ಮ ಕಟ್ಟಡದ ಒಡತಿ ಅವಾತಿಫ್ ಅವರನ್ನು ನಾವೆಲ್ಲ ‘ತಾಂತ್’, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ, ಎದುರಿಗೆ ಪ್ರೀತಿಯಿಂದ, ಬೆನ್ನ ಹಿಂದೆ ಸ್ವಲ್ಪ ಹೆದರಿಕೆಯಿಂದ. ಅಲೆಕ್ಸಾಂಡ್ರಿಯಾದಲ್ಲಿ ಸಮುದ್ರಕ್ಕೆ ಎರಡೇ ಬೀದಿ ದೂರದಲ್ಲಿ ಐದು ಮಹಡಿಯ ಕಟ್ಟಡವಿದ್ದರೆ ಭಾರೀ ಶ್ರೀಮಂತೆ ಇರಬೇಕೆಂದು ಹೊರಗಿನವರು ತಿಳಿಯುತ್ತಾರೆ. ಪಾಪ, ನಾವೆಲ್ಲ ಹಳೇ ಬಾಡಿಗೆಯವರು. ಅವರ ಮಾವನ ಕಾಲದಲ್ಲಿ ಗೊತ್ತಾದ ಬಾಡಿಗೆಯನ್ನು ಏರಿಸಲು ಕಾನೂನು ಬಿಡುತ್ತಿರಲಿಲ್ಲ. ಅಪ್ಪ ಸತ್ತರೆ ಮಗಳು ಅಷ್ಟನ್ನೇ ಕೊಟ್ಟುಕೊಂಡು ಇರಬಹುದು. ಆ ಮಗಳು ನಾನೇ, ಮೂರನೇ ಮಹಡಿಯ ಸಮೀಹಾ. ನನ್ನ ತಿಂಗಳ ಬಾಡಿಗೆಗೆ ಬೀದಿಯ ಗಾಡಿಯಲ್ಲಿ ಒಂದು ತಟ್ಟೆ ಬೇಯಿಸಿದ ಅವರೆಯೂ ಸಿಗುವುದಿಲ್ಲ. ನಾಚಿಕೆಯಾಗುವುದಿಲ್ಲವೇ ಎಂದರೆ, ಆಗುತ್ತದೆ. ಆದರೂ ಅಷ್ಟೇ ಕೊಡುತ್ತೇನೆ.

ಒಂದು ಚಳಿಗಾಲದಲ್ಲಿ ಲಿಫ್ಟ್ ಕೆಟ್ಟು ನಿಂತಿತು. ತಾಂತ್ ಇರುವುದು ಐದನೇ ಮಹಡಿಯಲ್ಲಿ, ಮಂಡಿಗಳೆರಡೂ ಸವೆದಿವೆ. ಮದುವೆಯಾಗಿ ಬಂದಂದಿನಿಂದ ಸಂಜೆ ಸಮುದ್ರದ ಕಟ್ಟೆಯ ಮೇಲೆ ಕೂತು ಹುರಿದ ಕಲ್ಲಂಗಡಿ ಬೀಜ ತಿನ್ನದಿದ್ದರೆ ಅವರಿಗೆ ದಿನ ಮುಗಿಯುತ್ತಿರಲಿಲ್ಲ. ಈಗ ಸಮುದ್ರದ ವಾಸನೆಯಷ್ಟೇ ಕಿಟಕಿಗೆ ಬರುತ್ತಿತ್ತು. ಬಾಲ್ಕನಿಯಿಂದ ಹಗ್ಗದಲ್ಲಿ ಬುಟ್ಟಿ ಇಳಿಬಿಟ್ಟು ರೊಟ್ಟಿ, ಈರುಳ್ಳಿ ತರಿಸಿಕೊಳ್ಳುತ್ತಿದ್ದರು.

“ಈ ಬುಟ್ಟಿಗಿರೋ ಯೋಗ ನನಗಿಲ್ಲ ನೋಡೇ. ಅದು ದಿನಾ ಬೀದಿ ನೋಡ್ಕೊಂಡು ಬರುತ್ತೆ,” ಎಂದರು ಒಮ್ಮೆ.

ರಿಪೇರಿಗೆ ಎಲ್ಲರೂ ಹಣ ಹಾಕಬೇಕೆಂದಾಗ ನೆಲಮಹಡಿಯ ಬಹ್ಗತ್, ನಾವು ಮರ್ಯಾದೆಗೆ ‘ಉಸ್ತಾಜ್’ ಎನ್ನುವವರು, ಅಡ್ಡಗಾಲು ಹಾಕಿದರು. ಸುಂಕದ ಕಚೇರಿಯಲ್ಲಿ ಗುಮಾಸ್ತರಾಗಿ, ಬಂದವರಿಗೆಲ್ಲ “ನಾಳೆ ಬಾ” ಎಂದು ಹೇಳುತ್ತಲೇ ನಿವೃತ್ತರಾದ ಮನುಷ್ಯ. “ನಾನಿರೋದು ಕೆಳಗೆ. ಲಿಫ್ಟ್ ಹತ್ತಿ ಎಲ್ಲಿಗೆ ಹೋಗ್ಲಿ, ನನ್ನ ಮಂಚಕ್ಕಾ?” ಎಂದರು. ಅವರು ಕೊಡದಿದ್ದರೆ ನಾವೂ ಕೊಡೆವೆಂದು ಮಿಕ್ಕವರು ಜಾರಿಕೊಂಡರು.

ಆ ಹೊತ್ತಿಗೇ ಕೆಳಗಿನ ಇಂಟರ್ನೆಟ್ ಅಂಗಡಿ ಮುಚ್ಚಿತು. ಅಂಗಡಿಯವನು ಕೊನೆಯ ಬಾಡಿಗೆಯ ಬದಲು ಒಂದು ಕಂಪ್ಯೂಟರನ್ನು ತಾಂತ್ ಮನೆಗೆ ಹೊತ್ತು ತಂದುಕೊಟ್ಟು ಹೋದ. ಅದರಲ್ಲಿ ಊರು ಕಟ್ಟುವ ಆಟವೊಂದಿತ್ತು. ತಾಂತ್ ಅದಕ್ಕೆ ಅಂಟಿಕೊಂಡರು. ಊರಿಗೆ ಅವಾತಿಫಿಯ್ಯಾ ಎಂದು ತಮ್ಮದೇ ಹೆಸರಿಟ್ಟರು. ಜನ ಬರುವ ಮೊದಲೇ ಅಗಲವಾದ ರಸ್ತೆ, ಕಾರಂಜಿ, ವಿಶ್ವವಿದ್ಯಾಲಯ ಎಲ್ಲ ಕಟ್ಟಿದ್ದರಿಂದ ಮೊದಲನೇ ಅವಾತಿಫಿಯ್ಯಾ ದಿವಾಳಿಯಾಯಿತು. ಎರಡನೆಯದನ್ನು ಕೈ ಬಿಗಿಹಿಡಿದು ಕಟ್ಟಿದರು. ಜನ ತುಂಬಿದರು, ಆದರೂ ಬೊಕ್ಕಸ ಬರಿದಾಗುತ್ತಲೇ ಇತ್ತು. ನಾನು ಬಗ್ಗಿ ನೋಡಿದೆ. ಮೊದಲ ದಿನ ಇಟ್ಟ ತೆರಿಗೆ ಹಾಗೇ ಕೂತಿತ್ತು.

“ತೆರಿಗೆ ಯಾಕೆ ಏರಿಸಿಲ್ಲ ತಾಂತ್?”

“ಒಂದ್ಸಲ ಗೊತ್ತಾದ್ಮೇಲೆ ಏರಿಸೋಕಾಗುತ್ತೇನೇ?”

ಬಾಡಿಗೆ ಏರಿಸಲಾಗದ ಒಡತಿಗೆ ಆಟದಲ್ಲೂ ಅದೇ ಕಾನೂನು. ನಾನು ಪರದೆಯ ಮೇಲಿನ ಬಾಣದ ಗುರುತು ತೋರಿಸಿದೆ. ಅವರು ಒತ್ತಿದರು, ಅಂಕಿ ಏರಿತು. ತಾಂತ್ ತಮ್ಮ ಬೆರಳನ್ನೇ ನೋಡಿಕೊಂಡರು.

“ಪೊಲೀಸರು ಬರಲ್ವಾ?”

“ಇಲ್ಲ.”

“ಕೋರ್ಟು?”

“ಯಾರೂ ಬರಲ್ಲ ತಾಂತ್.”

ಆಮೇಲೆ ಅವರ ಬೆರಳು ಬಾಣದಿಂದ ಕದಲಲೇ ಇಲ್ಲ. ಮೂರು ತಲೆಮಾರಿನ ಸೇಡನ್ನು ಒಂದೇ ಸಂಜೆ ತೀರಿಸಿಕೊಂಡರು. ಜನ ಗಂಟುಮೂಟೆ ಕಟ್ಟಿದರು, ಮನೆಗಳು ಪಾಳುಬಿದ್ದವು. ಪಾಠ ಕಲಿತು ಮೂರನೇ ಊರು ಕಟ್ಟಿದರು. ಈ ಸಲ ಮೊದಲು ಆಸ್ಪತ್ರೆ, ಆಮೇಲೆ ಚೂರೇ ಚೂರು ತೆರಿಗೆ. ಮೊದಲು ಪಾರ್ಕು, ಆಮೇಲೆ ಇನ್ನೊಂದು ಚೂರು. “ಏನಾದ್ರೂ ಕೈಗಿಟ್ಟು ಆಮೇಲೆ ಕೈ ಚಾಚಬೇಕು ಕಣೇ. ಆಗ ಕೊಡ್ತಾರೆ,” ಎಂದರು.

ಆಟದಲ್ಲಿ ಮನೆಗಳಿಗೆ ಹೆಸರಿಡಬಹುದಿತ್ತು. ತಾಂತ್ ಒಂದು ಬೀದಿಯ ತುಂಬ ನಮ್ಮದೇ ಹೆಸರುಗಳನ್ನಿಟ್ಟರು. ನನ್ನ ಮನೆ ಕೊಳದ ದಡದಲ್ಲಿ. ಬಹ್ಗತ್ ಮನೆ ಊರಿನ ಕಸದ ಗುಡ್ಡದ ಪಕ್ಕದಲ್ಲಿ, ಕರೆಂಟಿಲ್ಲ. ಈ ಸುದ್ದಿ ನೆಲಮಹಡಿಗೆ ಹೇಗೆ ಇಳಿಯಿತು ಎನ್ನುತ್ತೀರಾ? ಕಾಲಿದ್ದವಳು ನಾನೊಬ್ಬಳು ಇದ್ದೆನಲ್ಲ.

ಮರುದಿನ ಬಹ್ಗತ್ ಏದುಸಿರು ಬಿಡುತ್ತ ಐದು ಮಹಡಿ ಹತ್ತಿ ಬಂದರು.

“ಮೇಡಂ, ಏನಿದು? ನನ್ನ ಮನೆ ಪಕ್ಕದಲ್ಲಿ ಕಸ ಹಾಕಿದ್ದೀರಂತೆ.”

“ಊರು ಬೆಳೀತಾ ಇದೆ ಉಸ್ತಾಜ್. ಕಸ ಎಲ್ಲಾದ್ರೂ ಹಾಕ್ಬೇಕಲ್ಲ.”

“ಕರೆಂಟು?”

“ಅರ್ಜಿ ನೋಡ್ತೀವಿ. ನಾಳೆ ಬನ್ನಿ.”

ಆ ಮಾತು ಕೇಳಿದಾಗ ಅವರ ಮುಖ ನೋಡಬೇಕಿತ್ತು. ಆದರೆ ತಾಂತ್ ಪುದೀನ ಹಾಕಿದ ಚಹಾ ಕೊಟ್ಟು, ಕುರ್ಚಿ ಎಳೆದು ಪಕ್ಕದಲ್ಲೇ ಕೂರಿಸಿಕೊಂಡರು. ನಾಳೆಯೂ ಬಂದರು, ನಾಡಿದ್ದೂ ಬಂದರು. ಒಂದು ದಿನ ಕರೆಂಟು ಸಿಕ್ಕರೆ ಮರುದಿನ ನೀರು ನಿಲ್ಲುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಸಂಜೆ ಯಾರ ಜೊತೆಗೂ ಜಗಳವಾಡದೆ ಸೊರಗಿದ್ದ ಮನುಷ್ಯ, ಈಗ ಅಂಗಿ ಇಸ್ತ್ರಿ ಮಾಡಿಸಿಕೊಂಡು ಜಗಳಕ್ಕೆ ಹೋಗುತ್ತಿದ್ದರು. ರಸ್ತೆ ಎಲ್ಲಿ ಹಾಯಬೇಕು, ಬೊಕ್ಕಸದಲ್ಲಿ ಎಷ್ಟಿರಬೇಕು ಎಂದು ಅವರಿಬ್ಬರ ವಾದ ನನ್ನ ಅಡುಗೆಮನೆವರೆಗೆ ಕೇಳಿಸುತ್ತಿತ್ತು.

ಒಂದು ಸಂಜೆ ಬಹ್ಗತ್ ನಮ್ಮ ಮಹಡಿಯ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತಿದ್ದರು. ನೀರು ಕೊಟ್ಟೆ. ಕುಡಿದು ಗೋಡೆ ನೋಡುತ್ತ ಕೇಳಿದರು: “ಸಮೀಹಾ, ಆ ಹಾಳು ಲಿಫ್ಟಿಗೆ ನನ್ನ ಪಾಲು ಎಷ್ಟಮ್ಮ?”

ಬೆಳಿಗ್ಗೆ ಬುಟ್ಟಿ ಇಳಿದಾಗ ಮೊದಲ ಲಕೋಟೆ ಹಾಕಿದವರು ಅವರೇ. ನೆಲಮಹಡಿಯವನೇ ಕೊಟ್ಟ ಮೇಲೆ ಉಳಿದವರಿಗೆ ನೆಪವೇ ಉಳಿಯಲಿಲ್ಲ. ಅಂದು ದಿನವಿಡೀ ಬುಟ್ಟಿ ಇಳಿದಿಳಿದು ಏರಿತು. ಸಂಜೆ ಅವಾತಿಫಿಯ್ಯಾದ ಕಸದ ಗುಡ್ಡ ಮಾಯವಾಗಿ ಅಲ್ಲೊಂದು ಪಾರ್ಕು ಬಂತು.

ಲಿಫ್ಟ್ ಓಡಿದ ದಿನ ತಾಂತ್ ಬೂಟಿನ ಧೂಳು ಒರೆಸಿಕೊಂಡು ನನ್ನ ತೋಳು ಹಿಡಿದು ಸಮುದ್ರಕ್ಕೆ ಬಂದರು. ಕಟ್ಟೆಯ ಮೇಲೆ ಕೂತು ಬೀಜದ ಪೊಟ್ಟಣ ಬಿಚ್ಚಲೂ ಮರೆತು ನೀರನ್ನೇ ನೋಡಿದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಬಾಡಿಗೆ ಸ್ವಲ್ಪ ಜಾಸ್ತಿ ಕೊಡೋಣವೇ ಎಂದು ಕ್ಷಣಹೊತ್ತು ಯೋಚಿಸಿದೆ.

“ಊರನ್ನ ಯಾರ ಕೈಲಿ ಬಿಟ್ಟು ಬಂದ್ರಿ ತಾಂತ್?”

“ಬಹ್ಗತ್ ಇದ್ದಾನಲ್ಲ. ಲಿಫ್ಟಲ್ಲಿ ಹತ್ತಿ ಬಂದ ಮಹಾರಾಯ.”

ವಾಪಸು ಬಂದು ಇಣುಕಿ ನೋಡಿದರೆ ನನ್ನ ಕೊಳದ ಪಕ್ಕದಲ್ಲಿ ಕಸದ ಗುಡ್ಡ ಎದ್ದಿತ್ತು. ಅವರನ್ನು ಐದು ಮಹಡಿ ಹತ್ತಿಸಿದ ನನ್ನ ಚಾಡಿಯ ಲೆಕ್ಕ ಇದು ಎಂದು ನನಗೆ ತಕ್ಷಣ ಗೊತ್ತಾಯಿತು. ಆದರೂ ಕೇಳಿದೆ, “ಇದೇನು ಉಸ್ತಾಜ್?”

ಬಹ್ಗತ್ ಪರದೆಯಿಂದ ತಲೆ ಎತ್ತಲಿಲ್ಲ.

“ನಾಳೆ ಬಾಮ್ಮ,” ಎಂದರು.