ಮಾಸ್ತರರ ಕಂಡೆನ್ಸರ್

ಮೊನ್ನೆ ನಮ್ಮ ಕೊಪ್ಪಳದ ಮನೆಯ ಫ್ಯಾನು ನಿಂತಿತು. ಮೆಕ್ಯಾನಿಕ್ ಬಂದು, "ಕಂಡೆನ್ಸರ್ ಹೋಗೈತ್ರಿ ಅಕ್ಕಾರ" ಎಂದು ಸುಟ್ಟ ವಾಸನೆಯ ಒಂದು ಸಣ್ಣ ಡಬ್ಬಿಯನ್ನು ಕೈಗಿಟ್ಟ. ಕುಷ್ಟಗಿ ಕಡೆಯ ನಮ್ಮೂರಿನಲ್ಲಿ ಪಕ್ಕದ ಮನೆಯಲ್ಲಿದ್ದ ವಿಜ್ಞಾನದ ಮಾಸ್ತರರು ನೆನಪಾದರು…

ಪಾಠ ಹೇಳುವ ಚಟ ಅವರಿಗೆ. ಮದುವೆ ಊಟದ ಪಂಕ್ತಿಯಲ್ಲೂ ಬಿಡುತ್ತಿರಲಿಲ್ಲ. "ರೇಡಿಯೋದಾಗಿನ ಕಂಡೆನ್ಸರ್ ಕರೆಂಟ್ ಕೂಡಿಡ್ತೈತಿ. ಸಾಲಿ ಕಪಾಟಿನಾಗಿನ ಗಾಜಿನ ಕಂಡೆನ್ಸರ್ ಉಗಿ ತಣಿಸಿ ನೀರು ಮಾಡ್ತೈತಿ. ಉಗಿ ಅಷ್ಟ ಮ್ಯಾಲ ಹೋಗ್ತೈತಿ, ನೀರಾಗಿನ ಕೆಟ್ಟದ್ದೆಲ್ಲಾ ತಳದಾಗ ಉಳೀತೈತಿ" ಎಂದು ಕ್ಲಾಸಿನಲ್ಲಿ ನಮಗೆ ಬಾಯಿಪಾಠ ಮಾಡಿಸಿದ್ದರು.

ಅವರ ಒಬ್ಬಳೇ ಮಗಳು ನನ್ನ ವಾರಿಗೆಯವಳು. ಓಟದಲ್ಲಿ ನನ್ನನ್ನು ಯಾವಾಗಲೂ ಸೋಲಿಸುತ್ತಿದ್ದವಳ ಮೊಣಕಾಲುಗಳು ಒಂದಕ್ಕೊಂದು ತಾಗತೊಡಗಿದವು. ಊರ ಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಅದು ಎಲುಬಿಗೆ ಇಳಿದಿದೆ ಎಂದರು ಡಾಕ್ಟರು. ಬೇರೆ ನೀರು ಎಲ್ಲಿಂದ ತರುವುದು? ಮಾಸ್ತರರು ಹಿತ್ತಲಲ್ಲಿ ಒಲೆ ಹೂಡಿ ತಾಮ್ರದ ಕೊಡ ಇಟ್ಟರು. ಅದರ ಬಾಯಿಗೆ ಕೊಳವೆ ಸಿಗಿಸಿ, ತಣ್ಣೀರಿನ ಮಡಕೆಯೊಳಗೆ ಹಾಯಿಸಿ ತಮ್ಮದೇ ಕಂಡೆನ್ಸರ್ ಕಟ್ಟಿದರು. ಮಾಸ್ತರು ಸಾರಾಯಿ ಕಾಸುತ್ತಾರೆಂದು ಊರವರು ನಕ್ಕರು. ಇಳಿದ ನೀರನ್ನು ಮಗಳಿಗೆ ಮಾತ್ರ ಕುಡಿಸಿ ತಾವು ಬಾವಿ ನೀರನ್ನೇ ಕುಡಿದರು. ಎರಡು ವರ್ಷವಾದರೂ ಕಾಲು ಬಾಗುವುದು ನಿಲ್ಲಲಿಲ್ಲ.

ಅವರ ಹೆಂಡತಿಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಒಂದು ಸಂಜೆ ಅವಳು ರೊಟ್ಟಿ ಬಡಿಯುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಜೋಳದ ಹಿಟ್ಟಿಗೆ ಸುಡುನೀರೇ ಬೇಕಲ್ಲ, ತಾಮ್ರದ ಕೊಡವನ್ನು ಬಗ್ಗಿಸಿ ಹಾಕಿಕೊಂಡಳು. ಒಳಗೆ ಬಂದ ಮಾಸ್ತರರು ನೋಡಿಬಿಟ್ಟರು.

"ಯಾ ನೀರದು?"

"ನೀವು ಕಾಸಿ ಉಳಿಸಿದ್ದ ರೀ. ಕಾದ ನೀರು ಇರೂವಾಗ ಮತ್ತ್ಯಾಕ ಎಸರಿಡೂದು? ದಿನಾ ಇದರಾಗ ನಾದತೀನಿ."

ಮಾಸ್ತರರು ಕೊಡವನ್ನು ಅವಳ ಕೈಯಿಂದ ತೆಗೆದುಕೊಂಡು ತಳ ನೋಡಿದರು. ತಳದಲ್ಲಿ ಉಳಿದ ಆ ಕೆಟ್ಟದ್ದೆಲ್ಲಾ ದಿನವೂ ಮಗಳ ರೊಟ್ಟಿಗೆ ಹೋಗಿತ್ತು. ಊರ ಮಕ್ಕಳಿಗೆಲ್ಲ ಹೇಳಿದ್ದನ್ನು ಮನೆಯಲ್ಲಿ ಹೇಳಿರಲಿಲ್ಲ… "ಕೊಡ ಕಿಲುಬು ಬಿಡಾಕತ್ತೈತಿ. ನಾಳಿಂದ ಉಳಿದ ನೀರು ಚೆಲ್ಲಿಬಿಡು" ಎಂದಷ್ಟೇ ಅಂದರು. ನನ್ನನ್ನು ಹೊರಗೆ ಕರೆದು, "ನಿಮ್ಮ ಚಿಗವ್ವಗ ಹೇಳಬ್ಯಾಡ ತಂಗಿ. ಆಕಿ ತಡಕೊಳ್ಳಾಂಗಿಲ್ಲ" ಎಂದರು. ಅಷ್ಟು ಮಾತಾಡುವ ಮನುಷ್ಯ ಆಮೇಲೆ ಮಾತೇ ಕಡಿಮೆ ಮಾಡಿದರು.

ಮಾಸ್ತರರು ತೀರಿಕೊಂಡು ಬಹಳ ವರ್ಷಗಳಾದವು. ಆ ಡಬ್ಬಿ ಕೈಗೆ ಬಂದ ಮೇಲೆ ಮನಸ್ಸು ತಡೆಯದೆ ನಿನ್ನೆ ಊರಿಗೆ ಹೋಗಿಬಂದೆ. ಮಗಳು ಗೋಡೆ ಹಿಡಿದೇ ನಡೆಯುತ್ತಾಳೆ. ಚಿಗವ್ವ ಅವಳ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು.

"ಅವರು ಎಷ್ಟು ಕಷ್ಟಪಟ್ಟು ನೀರು ಕಾಸಿದ್ರು ನೋಡವ್ವಾ. ನಾನರ ಒಂದ್ ಹನಿ ಹಾಳು ಮಾಡಿದೆನೇನು? ಆದರೂ ಇಕಿ ಕಾಲು ನೆಟ್ಟಗಾಗಲಿಲ್ಲ."

"ಇಲ್ಲ ಚಿಗವ್ವ, ನೀ ಏನೂ ಹಾಳು ಮಾಡಲಿಲ್ಲ" ಎಂದು ನಾನೂ ಎಣ್ಣೆಗೆ ಕೈ ಹಾಕಿದೆ.