ಪೂಜೆಗೆ ಇಡದ ಚೂರಿ

ಅವರ ದವಡೆ ಎಡಕ್ಕೆ ಸೊಟ್ಟಗಾಗಿತ್ತು. ಲಾರಿ ಟೈರಿಗೆ ಗಾಳಿ ತುಂಬುವಾಗ ರಿಮ್ಮಿನ ಕಬ್ಬಿಣದ ರಿಂಗು ಸಿಡಿದು ಬಡಿದದ್ದು. ಹಲ್ಲುಗಳು ಅಲ್ಲೇ ಮಣ್ಣಿಗೆ ಉದುರಿದ್ದವಂತೆ. ಮೂಳೆ ಓರೆಯಾಗಿ ಕೂಡಿತು. ಅಂದಿನಿಂದ ಅವರು ಬಾಯಿಯ ಒಂದೇ ಮೂಲೆಯಿಂದ ಮಾತಾಡುತ್ತಿದ್ದರು. ಹೊಸಬರಿಗೆ ಅವರು ಸದಾ ಹಲ್ಲು ಕಡಿಯುತ್ತಿರುವಂತೆ ಕಾಣುತ್ತಿತ್ತು. ಹೊಸಬರು ತಪ್ಪು ತಿಳಿದಿದ್ದರು ಎನ್ನುವಂತಿಲ್ಲ.

ಅವರು ನನ್ನ ಹೆಂಡತಿಯ ಸೋದರಮಾವ. ನನಗೂ ಮಾವನೇ. ಕೊಟ್ಟೂರಿನಲ್ಲಿ, ಹರಪನಹಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕ ಅವರ ಟೈರು ಅಂಗಡಿ. ನಾನು ಸೈನ್ಯದಲ್ಲಿ ಮೋಟಾರ್ ಸೈಕಲ್ ಮೇಲೆ ಟಪಾಲು ಒಯ್ಯುವ ಕೆಲಸ ಮಾಡಿ, ತೊಂಬತ್ತರ ದಶಕದ ಆರಂಭದಲ್ಲಿ ನಿವೃತ್ತನಾಗಿ ಹಗರಿಬೊಮ್ಮನಹಳ್ಳಿಗೆ ಬಂದು ನೆಲೆಸಿದೆ. ಸೈನ್ಯ ಬಿಟ್ಟರೂ ಅಭ್ಯಾಸ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಚೈನಿಗೆ ಎಣ್ಣೆ, ಟೈರಿಗೆ ಗಾಳಿ. ವರ್ಷಕ್ಕೊಮ್ಮೆ ಬುಲೆಟ್ ಮೇಲೆ ಒಂದು ದೂರದ ಪ್ರಯಾಣ. ಕನ್ಯಾಕುಮಾರಿಗೆ ಹೋಗಿ ಬಂದರೂ ಸವೆಯದ ಟೈರು ನಮ್ಮ ಕೂಡ್ಲಿಗಿ, ಕೊಟ್ಟೂರು, ಹಡಗಲಿ ನಡುವೆ ತಿರುಗಿದರೆ ಸವೆದು ಹೋಗುತ್ತಿತ್ತು. ಡಾಂಬರು ಕಿತ್ತುಹೋಗಿ ಮೇಲೆದ್ದ ಜಲ್ಲಿ ಟೈರನ್ನು ಉಜ್ಜುವುದಿಲ್ಲ, ಕಚ್ಚುತ್ತದೆ.

ಮಾವನ ಸೊಂಟದಲ್ಲಿ ಹಳೆ ಟ್ಯೂಬಿನಿಂದ ಹೊಲಿದ ಒರೆ, ಒರೆಯಲ್ಲಿ ರಬ್ಬರು ಕೊಯ್ಯುವ ಬಾಗಿದ ಚೂರಿ. ಗಾಡಿ ಬಂದು ನಿಂತರೆ ಅವರು ಮೊದಲು ಮನುಷ್ಯನ ಮುಖ ನೋಡುತ್ತಿರಲಿಲ್ಲ. ಟೈರಿನ ಮೇಲೆ ಹೆಬ್ಬೆರಳು ಇಟ್ಟು ನಿಧಾನವಾಗಿ ಒಂದು ಸುತ್ತು ಎಳೆಯುತ್ತಿದ್ದರು. ಸರಿ ಇದ್ದರೆ ಎದ್ದು ಹೋಗುತ್ತಿದ್ದರು. ಸರಿ ಇಲ್ಲದಿದ್ದರೆ ಹೇಳುತ್ತಿರಲಿಲ್ಲ, ಕೇಳುತ್ತಿರಲಿಲ್ಲ, ಚೂರಿ ಹಾಕಿಬಿಡುತ್ತಿದ್ದರು. ಟೈರು ಪಕ್ಕಕ್ಕೆ ಸೀಳಿ ಉಸಿರು ಬಿಟ್ಟ ಮೇಲೆಯೇ ಅವರ ಮೊದಲ ಮಾತು. ಜಗಳ ದಿನವೂ ಇತ್ತು. ಅಂಗಿ ಹರಿಯುತ್ತಿತ್ತು, ಮೂಗಿನಿಂದ ರಕ್ತ ಸುರಿಯುತ್ತಿತ್ತು. ಆದರೂ ಆ ರಸ್ತೆಯ ಜನ ಅವರಲ್ಲಿಗೇ ಬರುತ್ತಿದ್ದರು. ಬರುವಾಗ ಹೆಂಗಸರನ್ನು ಮಕ್ಕಳನ್ನು ದೂರ ನಿಲ್ಲಿಸಿ ಬರುತ್ತಿದ್ದರು.

ನಾನು ಕನ್ಯಾಕುಮಾರಿಗೆ ಹೊರಟ ವರ್ಷ ಹಿಂದಿನ ಟೈರಿಗೆ ಚೂರಿ ಬಿತ್ತು. ಅದರ ಬಟನ್ನುಗಳನ್ನು, ಅಂದರೆ ಟೈರಿನ ಮೇಲಿನ ಉಬ್ಬುಗಳನ್ನು, ನಾನೇ ಪರೀಕ್ಷಿಸಿ ಸಾಕು ಎಂದು ತೀರ್ಮಾನಿಸಿದ್ದೆ. ನನ್ನ ಕೈ ಅವರ ಕೊರಳಪಟ್ಟಿ ಹಿಡಿದಿತ್ತು.

"ಕೈ ಬಿಡ್ರಿ ಅಳಿಯಾರ," ಎಂದರು, ಬಾಯಿಯ ಮೂಲೆಯಿಂದ. "ನನ್ನ ಹೊಡಿಯಾಕ ತಿರುಗಿ ಬಂದ ಮ್ಯಾಲೆ ಬರ್ರಿ. ಬಂದ್ರ ತಾನೆ ಹೊಡಿಯೋದು?"

ಆ ಟೈರು ನನ್ನನ್ನು ಕನ್ಯಾಕುಮಾರಿಗೆ ಒಯ್ದು ತರುತ್ತಿತ್ತು ಎಂಬುದು ಇಂದಿಗೂ ನನ್ನ ಅಭಿಪ್ರಾಯ. ಆದರೆ ತಿರುಗಿ ಬಂದ ಮೇಲೆ ಹೊಡೆಯಲು ಹೋಗಲಿಲ್ಲ. ಮುಂದಿನ ಪ್ರಯಾಣಕ್ಕೆ ಅವರನ್ನೇ ಕರೆದೆ.

ಅವರು ಬಂದರು. ಒಮ್ಮೆ ಅಲ್ಲ, ಹಲವು ವರ್ಷ. ತಮ್ಮ ಹಳೆಯ ಗಾಡಿಯ ಹಿಂದೆ ಒಂದು ಹೊಸ ಟೈರು ಕಟ್ಟಿಕೊಂಡು ಸದಾ ನನ್ನ ಬೆನ್ನಿಗೇ ಬರುತ್ತಿದ್ದರು. ಮುಂದೆ ಹೋಗಿ ಎಂದರೆ ಒಪ್ಪುತ್ತಿರಲಿಲ್ಲ. ಹಿಂದೆ ಇರುವವನು ಮುಂದಿನವನ ಟೈರು ನೋಡುತ್ತಾ ಇರಬೇಕು, ಬೆಟ್ಟ ಹೊಳೆ ನೋಡುವುದಕ್ಕೆ ಆಮೇಲೆ ಹೊತ್ತು ಸಿಗುತ್ತದೆ ಎನ್ನುವುದು ಅವರ ವಾದ. ಯಾರನ್ನು ಬೀಳ್ಕೊಡುವಾಗಲೂ ಅವರು ಹೋಗಿ ಬನ್ನಿ ಎಂದದ್ದಿಲ್ಲ. "ಮನಿ ಮುಟ್ರಿ," ಅಷ್ಟೆ.

ಶ್ರೀಶೈಲದ ಘಾಟಿನಲ್ಲಿ ಒಂದು ಚಹಾದ ಅಂಗಡಿ. ಒಬ್ಬಾತ ಹೆಂಡತಿ, ಮಗುವಿನೊಂದಿಗೆ ಮೋಟಾರ್ ಸೈಕಲ್ ಮೇಲೆ ಇಳಿಜಾರಿಗೆ ಹೊರಟಿದ್ದ. ನಾನು ಬಟ್ಟಲು ಕೈಗೆ ತೆಗೆದುಕೊಳ್ಳುವುದರೊಳಗೆ ಸೀಳಿದ ಸದ್ದು ಕೇಳಿತು. ಆಮೇಲೆ ನಡೆದದ್ದು ಶುದ್ಧ ಹೊಡೆದಾಟ. ತೆಲುಗಿನಲ್ಲಿ ಬೈಯುತ್ತಾ ಅಂಗಡಿಯ ಜನವೆಲ್ಲ ನಮ್ಮ ಮೇಲೆ ಬಿದ್ದರು. ನನಗೆ ಕಲಿಸಿದ್ದ ಪ್ರಕಾರ ನಾನು ಹೊಡೆದೆ, ಕಲಿಯದವರು ಅದಕ್ಕಿಂತ ಚೆನ್ನಾಗಿ ಹೊಡೆದರು. ಸೌದೆಯ ಏಟಿಗೆ ನನ್ನ ಹುಬ್ಬು ಒಡೆಯಿತು. ಮಾವನನ್ನು ನೆಲಕ್ಕೆ ಕೆಡವಿ ತುಳಿದರು. ಕೈಸೋತು ಅವರು ಬಿಟ್ಟ ಮೇಲೆ ಮಾವ ಎದ್ದು, ರಕ್ತ ಉಗುಳಿ, ತಮ್ಮ ಗಾಡಿಗೆ ಕಟ್ಟಿದ್ದ ಹೊಸ ಟೈರನ್ನು ಬಿಚ್ಚಿ, ಹೊಡೆದವನ ಗಾಡಿಗೇ ಹಾಕಿಕೊಡಲು ಕೂತರು. ಅವನು ಮಗುವನ್ನು ಎತ್ತಿಕೊಂಡು ಬಾಯಿ ತೆರೆದು ನಿಂತಿದ್ದ. ಹೊರಡುವಾಗ ಮಾವ ಅವನಿಗೂ ಕನ್ನಡದಲ್ಲೇ ಮನಿ ಮುಟ್ಟಲು ಹೇಳಿದರು. ಅವನಿಗೆ ಅರ್ಥವಾಗಿರಲಿಕ್ಕಿಲ್ಲ. ಕೈ ಮಾತ್ರ ಮುಗಿದ.

ಇಂಥ ಮನುಷ್ಯನ ಕೈ ಒಂದೇ ಒಂದು ಸಲ ತಡೆಯಿತು.

ನನ್ನ ಹೆಂಡತಿಯ ತಮ್ಮ ಹಿರೇಹಡಗಲಿಯಲ್ಲಿದ್ದ. ಮಾವನಿಗೆ ಅಕ್ಕನ ಮಗ, ತಮ್ಮ ಮಗಳನ್ನು ಕೊಡಬೇಕೆಂದು ಮನಸ್ಸಿನಲ್ಲಿಟ್ಟುಕೊಂಡಿದ್ದ ಹುಡುಗ. ಆ ವರ್ಷ ನಮ್ಮ ಜೊತೆ ಮೊದಲ ಬಾರಿಗೆ ದೂರದ ಪ್ರಯಾಣಕ್ಕೆ ಬರುವವನಿದ್ದ. ಆಯುಧಪೂಜೆಯ ದಿನವೇ ದಾವಣಗೆರೆಗೆ ಹೋಗಿ ಗೆಳೆಯನ ಮನೆಯಲ್ಲಿರುತ್ತೇನೆ, ಮರುದಿನ ಬನ್ನಿ ಕೊಟ್ಟು ನೀವು ಬನ್ನಿರಿ, ಅಲ್ಲಿಂದ ಕೂಡಿ ಹೋಗೋಣ ಎಂದು ಏರ್ಪಾಡು ಮಾಡಿಕೊಂಡಿದ್ದ. ಹೋಗುವ ದಾರಿಯಲ್ಲಿ ಕೊಟ್ಟೂರಿನ ಅಂಗಡಿಗೆ ಬಂದ. ಪೂಜೆಗೆ ನಾವೂ ಅಲ್ಲೇ ಇದ್ದೆವು.

ನಮ್ಮ ಕಡೆ ಆ ಹಬ್ಬಕ್ಕೆ ಗಾಡಿ ತೊಳೆದು ಟೈರಿಗೆ ಕಪ್ಪು ಬಣ್ಣ ಬಳಿಯುತ್ತಾರೆ. ಅದರ ಮೇಲೆ ಮೂರು ಎಳೆ ವಿಭೂತಿ. ಬಳಿದ ಟೈರು ಹೊಸದರಂತೆ ಮಿಂಚುತ್ತದೆ, ಬಿರುಕುಗಳೆಲ್ಲ ಬಣ್ಣದೊಳಗೆ ಮುಚ್ಚಿಹೋಗುತ್ತವೆ. ಕಣ್ಣಿಗೆ ಮುಚ್ಚಿಹೋಗುತ್ತವೆ ಅಷ್ಟೆ. ಮಾವ ರೂಢಿಯಂತೆ ಹುಡುಗನ ಗಾಡಿಯ ಮುಂದಿನ ಟೈರಿನ ಮೇಲೆ ಹೆಬ್ಬೆರಳು ಎಳೆದರು. ಅರ್ಧ ಸುತ್ತಿಗೆ ಬೆರಳು ನಿಂತಿತು. ಕೈ ಸೊಂಟಕ್ಕೆ ಹೋಯಿತು.

ಒರೆ ಖಾಲಿ ಇತ್ತು. ಚೂರಿ ಅಂಗಡಿಯೊಳಗೆ ದೇವರ ಪಟದ ಮುಂದೆ, ಸುತ್ತಿಗೆ, ಟೈರು ಕಳಚುವ ಲಿವರು, ಪಾನಾಗಳ ಜೊತೆ ವಿಭೂತಿ ಹಚ್ಚಿಸಿಕೊಂಡು ಹೂವಿನಡಿ ಕೂತಿತ್ತು. ಪೂಜೆಗೆ ಇಟ್ಟ ಆಯುಧವನ್ನು ಆ ದಿನ ಎತ್ತುವಂತಿಲ್ಲ. ಮಾವ ಒಳಗೆ ಒಂದು ಹೆಜ್ಜೆ ಇಟ್ಟರು. ನಮ್ಮ ಅತ್ತೆ, ಅಂದರೆ ಅವರ ಅಕ್ಕ, ಬಾಗಿಲಲ್ಲೇ ತಡೆದರು.

"ಪೂಜಿಗಿಟ್ಟದ್ದನ್ನ ಎತ್ತಿ, ಪೂಜಿ ಮಾಡಿದ ಗಾಡಿಗೆ ಹಾಕ್ತಿ ಏನು? ನನ್ನ ಮಗನ ಗಾಡಿಗೆ?"

ಹುಡುಗ ನಕ್ಕ. "ಮಾವ, ಇವತ್ತ ನಿನ್ನ ಚೂರಿಗೂ ಸೂಟಿ ಐತಿ ಬಿಡು."

ಎಲ್ಲರೂ ನಕ್ಕರು. ಮಾವ ಬೈದರು, ಈ ಟೈರಿನ ಮೇಲೆ ಹೋಗಬೇಡವೆಂದರು, ಇರುವ ಬಾಯಿಯ ಮೂಲೆಯಿಂದ ಬೇಡಿಕೊಂಡರು. ಬೇಡಿಕೊಳ್ಳುವುದು ಅವರಿಗೆ ಬರುತ್ತಿರಲಿಲ್ಲ, ಹಾಗಾಗಿ ಯಾರೂ ಅದನ್ನು ನಂಬಲಿಲ್ಲ. ಹುಡುಗ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸಿ ಹೊರಟ.

ತೆಲಿಗಿಯ ಹತ್ತಿರ ಮುಂದಿನ ಟೈರು ಸಿಡಿಯಿತು. ಎದುರಿಗೆ ಲಾರಿ ಬರುತ್ತಿತ್ತು.

ಸುದ್ದಿ ಬಂದ ಕೂಡಲೇ ನಾನೂ ಮಾವನೂ ಹೋದೆವು. ಸೈನ್ಯದಲ್ಲಿ ನಾನು ಸತ್ತವರನ್ನು ನೋಡಿದ್ದೇನೆ. ಆ ರಸ್ತೆಯಲ್ಲಿ ನೋಡಿದ್ದನ್ನು ಬರೆಯುವುದಿಲ್ಲ. ಒಂದಷ್ಟನ್ನು ಗೋಣಿಚೀಲದಿಂದ ಮುಚ್ಚಿದ್ದರು, ಒಂದಷ್ಟನ್ನು ಮುಚ್ಚಲು ಆಗಿರಲಿಲ್ಲ. ಮಾವ ಅತ್ತ ನೋಡಲಿಲ್ಲ. ಹರಿದ ಟೈರಿನ ಬಳಿ ಕುಕ್ಕರಗಾಲಲ್ಲಿ ಕೂತು ತಮ್ಮ ಹೆಬ್ಬೆರಳು ನೋಡಿಕೊಂಡರು. ಬೆಳಗಿನ ಕಪ್ಪು ಬಣ್ಣ ಇನ್ನೂ ಅಂಟಿತ್ತು.

"ಕೈ ಹೋಗಿತ್ತು ಅಳಿಯಾರ," ಎಂದರು. "ಚೂರಿ ಇರಲಿಲ್ಲ."

ಅದಾದ ಮೇಲೆ ಆ ಚೂರಿಯನ್ನು ಅವರು ಪೂಜೆಗೆ ಇಡಲಿಲ್ಲ. ಹಬ್ಬದ ದಿನ ಉಳಿದ ಸಾಮಾನೆಲ್ಲ ಪಟದ ಮುಂದೆ, ಚೂರಿ ಸೊಂಟದಲ್ಲಿ. ಅಕ್ಕ ಎದುರಾಡಲಿಲ್ಲ. ಆ ಅಂಗಡಿಗೇ ಅವರು ಮತ್ತೆ ಬರಲಿಲ್ಲ.

ಅಷ್ಟರಲ್ಲಿ ಅದಿರಿನ ಲಾರಿಗಳ ಕಾಲ ಶುರುವಾಗಿತ್ತು. ರಸ್ತೆ ಕೆಂಪು ಹುಡಿಯಾಗಿ ಹಾರುತ್ತಿತ್ತು, ಗುಂಡಿಗಳಲ್ಲಿ ಮೊಣಕಾಲು ಮುಳುಗುತ್ತಿತ್ತು. ಒಂದು ಆಯುಧಪೂಜೆಯ ದಿನ ಬಾಳೆಕಂದು, ಚೆಂಡುಹೂ ಕಟ್ಟಿದ ಲಾರಿಯೊಂದು ಗಾಳಿ ನೋಡಿಸಲು ಬಂದು ನಿಂತಿತು. ಮಾವ ಬಣ್ಣದ ಮೇಲೆ ಬೆರಳು ಎಳೆದರು. ವಾಲು ಬಿಚ್ಚಿ ಗಾಳಿ ಬಿಟ್ಟು, ವಿಭೂತಿಯ ಎಳೆಗಳ ನಡುವೆಯೇ ಚೂರಿ ತೂರಿಸಿ ಎಳೆದರು. ಲಾರಿಯವರು ಮೊದಲು ಬೈಯಲಿಲ್ಲ. ಹಬ್ಬದ ಗಾಡಿಗೆ ಚೂರಿ ಬಿದ್ದದ್ದನ್ನು ನಂಬಲು ಅವರಿಗೆ ಹೊತ್ತು ಹಿಡಿಯಿತು. ಆಮೇಲೆ ಪಟದ ಮುಂದೆ ಇಟ್ಟಿದ್ದ ಲಿವರನ್ನೇ ಎತ್ತಿಕೊಂಡು ಬಂದರು. ಮಾವನ ಬಲಗೈಯನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು ಹೊಡೆದರು, ಬೆರಳುಗಳು ಬೆರಳಿನಂತೆ ಕಾಣದವರೆಗೆ. ನಾನು ಆಸ್ಪತ್ರೆಗೆ ಹೋದಾಗ ಅವರು ಕೇಳಿದ್ದು ಒಂದೇ: ಲಾರಿ ಹೋಯಿತೋ, ನಿಂತಿದೆಯೋ? ನಿಂತಿದೆ ಎಂದೆ. ಕಣ್ಣು ಮುಚ್ಚಿಕೊಂಡರು.

ಆ ಕೈ ಮತ್ತೆ ಮಡಚಲಿಲ್ಲ. ಅಂಗಡಿ ಮುಚ್ಚಿತು. ಪ್ರತಿ ಪ್ರಯಾಣಕ್ಕೆ ಮುಂಚೆ ನಾನು ಗಾಡಿಯನ್ನು ಅವರ ಮನೆಯ ಮುಂದೆ ನಿಲ್ಲಿಸುತ್ತಿದ್ದೆ. ಅವರು ಎಡಗೈ ಹೆಬ್ಬೆರಳು ಎಳೆಯುತ್ತಿದ್ದರು. ಎರಡು ಸಲ ಚೂರಿ ಬಿತ್ತು, ಎಡಗೈಯಲ್ಲೇ, ಓರೆಯಾಗಿ. ನಾನು ಕೊರಳಪಟ್ಟಿ ಹಿಡಿಯಲಿಲ್ಲ.

ಅವರು ತೀರಿಕೊಂಡಾಗ ನಾನು ಮಾಗಳದಲ್ಲಿದ್ದೆ. ಅಲ್ಲಿಂದಲೇ ಬುಲೆಟ್ ಹತ್ತಿ ಜಲ್ಲಿಯ ಮೇಲೆ ಓಡಿಸಿಕೊಂಡು ಬಂದೆ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಬಾಗಿಲಿಗೆ ಎದುರಾಗಿ, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಮುಖ ಬೀದಿಗೆ. ಬೀದಿಯಲ್ಲಿ ನನ್ನ ಗಾಡಿ. ದವಡೆ ಸೊಟ್ಟಗಾಗಿಯೇ ಇತ್ತು.

ಮಾವನ ಹೆಂಡತಿ ಅಳುತ್ತಿದ್ದವರು ಎದ್ದು ಹೊರಗೆ ಬಂದರು. ನನ್ನ ಮುಂದಿನ ಟೈರಿನ ಮೇಲೆ ಹೆಬ್ಬೆರಳು ಇಟ್ಟು ಎಳೆದರು, ಗಂಡನ ಹಾಗೆಯೇ. ಬೆರಳು ನಿಂತ ಕಡೆ ರಬ್ಬರು ಸವೆದು ಒಳಗಿನ ನೂಲು ಹೊರಗೆ ಬಂದಿತ್ತು. ಒಳಗೆ ಹೋಗಿ ಚೂರಿ ತಂದು ನನ್ನ ಕೈಗೆ ಕೊಟ್ಟರು.

"ಅವರು ನೋಡಾಕ್ಹತ್ಯಾರ," ಎಂದರು. "ನೀವ ಹಾಕ್ರಿ."

ಹಾಕಿದೆ. ಟೈರು ಸೀಳಿ ಉಸಿರು ಬಿಟ್ಟ ಸದ್ದಿಗೆ ಒಳಗಿನ ಅಳು ಒಂದು ಗಳಿಗೆ ನಿಂತಿತು. ಮಣ್ಣು ಕೊಟ್ಟು, ಗಾಡಿಯನ್ನು ಅಲ್ಲೇ ಬಿಟ್ಟು, ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸಂಜೆಯ ಬಸ್ಸು ಹತ್ತಿದೆ. ಮನೆ ಮುಟ್ಟಿದೆ.