ಶೇಂಡಿ ಅತ್ತಿಗೆಯ ಮೊದಲ ಮೂಗು

ನಮ್ಮ ಶೇಂಡಿ ಅತ್ತಿಗೆ ಸುಳ್ಳು ಹೇಳುವವರ ಪೈಕಿಯಲ್ಲ. ಕ್ವೀನ್ಸ್‌ನ ನಮ್ಮ ಯಹೂದಿ ಬೀದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಸಾರಿನ ಪಾತ್ರೆ ಹೊತ್ತು ಹೋಗುವವಳು ಅವಳೇ. ಶಾಲೆಯಲ್ಲಿ ನಾಲ್ಕು ಬೀದಿಯ ಮಕ್ಕಳಿಗೆ ಹೀಬ್ರೂ ಅಕ್ಷರ ತಿದ್ದಿಸಿದವಳು. ಹೇಳಿದ್ದು ಒಂದೇ ಒಂದು ಸುಳ್ಳು, ಅದನ್ನೂ ನಮ್ಮ ಮನೆತನದ ತಲೆಗೇ ಕಟ್ಟಿದ್ದಳು.

ಅವಳ ಮಗಳು ಅಟಾರಾಗೆ ಉದ್ದ ಮೂಗು, ನಡುವೆ ಗೂನು. ಹುಟ್ಟಿದಾಗಲೇ ಅತ್ತಿಗೆ, "ಇದು ನಿಮ್ಮ ಗಿಟ್ಟೆಲ್ ಚಿಕ್ಕಮ್ಮನದು" ಅಂದುಬಿಟ್ಟಳು. ಸತ್ತ ಚಿಕ್ಕಮ್ಮ ಎದ್ದು ಬಂದು ಅಲ್ಲ ಅನ್ನುತ್ತಾಳೆಯೇ? ಚಿಕ್ಕಮ್ಮನದೂ ಉದ್ದ ಮೂಗೇ, ನಾವೂ ನಂಬಿದೆವು. ಈಗ ಹದಿನೇಳು ತುಂಬಿದ ಹುಡುಗಿ ಮೂಗಿನ ಆಪರೇಷನ್ ಆಗಲೇಬೇಕು ಎಂದು ಹಟ ಹಿಡಿದಿದ್ದಳು, ಸೋಮವಾರ ಬೆಳಗ್ಗೆ ಅಂತ ಡಾಕ್ಟರ ಹತ್ತಿರ ದಿನವೂ ಗೊತ್ತಾಗಿತ್ತು. ನಮ್ಮಣ್ಣ ಯೋನಾಗೆ ಇಷ್ಟವಿರಲಿಲ್ಲ. ಅತ್ತಿಗೆ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಅದೇ ವಾರ ಪಕ್ಕದ ಬೀದಿಯ ಹುಡುಗರ ತಮಾಷೆ ಹಾಡಿನ ವಿಡಿಯೋ ಬಂತು. ಮದುಮಗಳ ಮುಖ ನೋಡಿ, ಇವಳೇ ಹೌದು ಎಂದು ಖಾತ್ರಿ ಮಾಡಿಕೊಂಡು ಮದುಮಗ ಮುಸುಕು ಹಾಕುವುದು ನಮ್ಮ ಪದ್ಧತಿ. ವಿಡಿಯೋದ ಮದುಮಗಳು ಹಿಂದಿನ ದಿನವೇ ಮೂಗು ಕೊಯ್ಸಿಕೊಂಡಿರುತ್ತಾಳೆ. ಅವನು ಗುರುತು ಸಿಗದೆ, ಇವಳಲ್ಲ ಇವಳಲ್ಲ ಎಂದು ಹಾಡುತ್ತಾ ಛತ್ರವೆಲ್ಲ ಕುಣಿಯುತ್ತಾನೆ. ಅರ್ಧ ಬೀದಿ ಬಿದ್ದು ಬಿದ್ದು ನಕ್ಕಿತು. ಇನ್ನರ್ಧ, ನಮ್ಮನ್ನು ಕೊಂದವರು ಯಹೂದಿಗಳ ಗುರುತೆಂದು ಅಣಕಿಸಿ ಗೋಡೆಗೋಡೆಯ ಮೇಲೆ ಬರೆದ ಉದ್ದ ಮೂಗನ್ನು ನಮ್ಮ ಹುಡುಗರೇ ಬರೆಯಬೇಕೆ ಎಂದು ಉರಿದುಬಿತ್ತು. ನಾನು ನಕ್ಕೆ. ನಕ್ಕ ಮೇಲೆ ನಾಚಿಕೆಯಾಯಿತು, ಅದೂ ನಿಜ.

ಶನಿವಾರ ಮಧ್ಯಾಹ್ನ ಅಣ್ಣನ ಮನೆಯಲ್ಲಿ ಸಬ್ಬತ್ ಊಟ, ನಮ್ಮ ವಾರದ ವಿಶ್ರಾಂತಿಯ ದಿನ. ಫೋನು ಮುಟ್ಟುವ ಹಾಗಿಲ್ಲವಲ್ಲ, ಯೋನಾ ಮೂಗಿಗೆ ಸೌತೆಕಾಯಿ ತುಂಡು ಹಿಡಿದು ಆ ವಿಡಿಯೋದ ಕುಣಿತ ತಾನೇ ಕುಣಿದು ತೋರಿಸಿದ. ಅಟಾರಾ ತಟ್ಟೆ ತಳ್ಳಿದಳು.

"ನಗು ಅಪ್ಪಾ, ನಗು. ನಿನ್ನ ಚಿಕ್ಕಮ್ಮ ಕೊಟ್ಟ ಮೂಗು ತಾನೇ. ಆ ಮುದುಕಿ ಮನೆ ಹಾಳಾಗ."

"ಸತ್ತವರನ್ನ ಬೈಬೇಡ" ಎಂದಳು ಅತ್ತಿಗೆ. "ಅದು ಅವರದ್ದಲ್ಲ, ನಂದು. ನಿನ್ನ ವಯಸ್ಸಲ್ಲೇ ನಮ್ಮಮ್ಮ ಕರ್ಕೊಂಡು ಹೋಗಿ ಕೊಯ್ಸಿದ್ಲು."

ಯೋನಾ ಸೌತೆಕಾಯಿ ಕೆಳಗಿಟ್ಟ. "ಮತ್ತೆ ಮುಸುಕು ಹಾಕುವಾಗ ನಾನು ನೋಡಿದ್ದು?"

"ಡಾಕ್ಟ್ರು ಮಾಡಿದ್ದನ್ನ ನೋಡಿದ್ರಿ ಕಣ್ರೀ. ಅವತ್ತೇ ಹೇಳ್ಬೇಕು ಅಂದ್ಕೊಂಡೆ, ಧೈರ್ಯ ಬರ್ಲಿಲ್ಲ."

"ಹದಿನೇಳು ವರ್ಷ ನಮ್ಮ ಚಿಕ್ಕಮ್ಮನ್ನ ಬೈಸಿದ್ಯಲ್ಲ ಅತ್ತಿಗೆ" ಎಂದೆ. ಸಿಟ್ಟು ಬಂದಿತ್ತು. ಅವಳ ಮುಖ ನೋಡಿ ನೀರಿನ ಲೋಟ ಅವಳ ಕಡೆ ಸರಿಸಿದೆ.

"ನೋವಾಗಿತ್ತಾ ಅಮ್ಮ?" ಎಂದು ಕೇಳಿದಳು ಅಟಾರಾ.

"ಮೂಗು ಎರಡು ವಾರ ನೋಯ್ತು. ನೀನು ಹುಟ್ಟಿದಾಗ ಅದೇ ಮೂಗು ನೋಡಿ, ಅಯ್ಯೋ ಎಷ್ಟು ಚೆನ್ನಾಗಿತ್ತಲ್ಲ ಅನ್ನಿಸ್ತು. ಅದು ಇನ್ನೂ ನೋಯುತ್ತೆ."

"ಹಳೇ ಫೋಟೋ ತೋರ್ಸು."

"ಒಂದೂ ಇಲ್ಲ ಕಂದ. ಎಲ್ಲಾ ಹರಿದುಹಾಕ್ಬಿಟ್ಟೆ."

ಹುಡುಗಿ ತನ್ನ ಮೂಗಿನ ಗೂನನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡಳು. ಆಮೇಲೆ, "ಹಾಗಾದ್ರೆ ನಾನೂ ಕೊಯ್ಸಿಕೊಂಡ್ರೆ, ನೀನು ಹೇಗಿದ್ದೆ ಅಂತ ಯಾರಿಗೂ ಗೊತ್ತಾಗಲ್ಲ" ಎಂದಳು.

ಯೋನಾ ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ, ಕಣ್ಣೊರೆಸಿಕೊಂಡ. ಸೋಮವಾರ ಬೆಳಗ್ಗೆ ಅಟಾರಾ ಎಂದಿನಂತೆ ಶಾಲೆಗೆ ಹೋದಳು.